ಗ್ರಾಹಕರ ಮಾಹಿತಿ: ಪಡೆಯುವ ಬಗೆ, ಕಾಯುವ ಹೊಣೆ

ಬಟ್ಟೆ ಅಂಗಡಿ, ಔಷಧ ಅಂಗಡಿ, ಸೂಪರ್ ಮಾರ್ಕೆಟ್, ಪಾದರಕ್ಷೆಯ ಮಳಿಗೆ ಎಂಬ ಭೇದವಿಲ್ಲದೆ ಇಂದು ಬಿಲ್ಲಿಂಗ್ ಕೌಂಟರಿನಲ್ಲಿ ಗ್ರಾಹಕರಿಗೆ ಎದುರಾಗುವ ಮೊದಲ ಪ್ರಶ್ನೆ ಮೊಬೈಲ್ ಸಂಖ್ಯೆಯದು. ಹತ್ತು ಅಂಕಿಗಳ ಆ ಸಂಖ್ಯೆ ಗಣಕಯಂತ್ರದೊಳಗೆ ಸೇರಿದ ಕ್ಷಣದಿಂದ, ಅದುವರೆಗೆ ಸರಕು ಮತ್ತು ಹಣದ ವಿನಿಮಯವಷ್ಟೇ ಆಗಿದ್ದ ವ್ಯವಹಾರವು ಒಬ್ಬ ವ್ಯಕ್ತಿಯನ್ನು ಕುರಿತ ದಾಖಲೆಯಾಗಿ ಮಾರ್ಪಡುತ್ತದೆ. ಆ ದಾಖಲೆಯನ್ನು ಯಾವ ಸಾಧನಗಳಿಂದ ಪಡೆಯಲಾಗುತ್ತದೆ, ಹೇಗೆ ಜೋಡಿಸಿಡಲಾಗುತ್ತದೆ, ಅದರಿಂದ ಏನನ್ನು ತಿಳಿಯಬಹುದು, ಅದನ್ನು ಇಟ್ಟುಕೊಂಡವರ ಮೇಲೆ ಯಾವ ಹೊಣೆ ಬೀಳುತ್ತದೆ ಎಂಬುದನ್ನು ಸಣ್ಣ ಮತ್ತು ಮಧ್ಯಮ ಗಾತ್ರದ ವ್ಯಾಪಾರಿಗಳ ದೃಷ್ಟಿಯಿಂದ ವಿವರಿಸುವುದು ಈ ಲೇಖನದ ಉದ್ದೇಶ. ದೊಡ್ಡ ಕಂಪನಿಗಳಲ್ಲಿ ಈ ಕೆಲಸಕ್ಕೆಂದೇ ವಿಭಾಗಗಳಿವೆ, ವಕೀಲರಿದ್ದಾರೆ. ಎರಡು ಮೂರು ಶಾಖೆಗಳ ಅಂಗಡಿಯ ಮಾಲೀಕರು ಮಾತ್ರ ಬಿಲ್ಲಿಂಗ್ ಸಾಫ್ಟ್‌ವೇರ್ ಮಾರಿದವರ ಮಾತನ್ನೇ ನಂಬಿ ನಡೆಯಬೇಕಾದ ಸ್ಥಿತಿಯಲ್ಲಿರುತ್ತಾರೆ. ಸಾಧ್ಯವಾದಷ್ಟು ಮಾಹಿತಿಯನ್ನು ತುಂಬಿಟ್ಟುಕೊಂಡರೆ ಮುಂದೆ ಎಂದಾದರೂ ಉಪಯೋಗಕ್ಕೆ ಬರುತ್ತದೆ ಎಂಬುದು ಸಾಮಾನ್ಯವಾಗಿ ಅವರಿಗೆ ಸಿಗುವ ಸಲಹೆ. ವ್ಯಾಪಾರದ ಲೆಕ್ಕದಲ್ಲೂ ಕಾನೂನಿನ ಲೆಕ್ಕದಲ್ಲೂ ಆ ಸಲಹೆ ತಪ್ಪು.

ಸರಕಿನ ಲೆಕ್ಕದಿಂದ ಮನುಷ್ಯರ ಲೆಕ್ಕಕ್ಕೆ

ಗಿರಾಕಿಗಳ ವಿವರ ಬರೆದಿಡುವುದು ವ್ಯಾಪಾರಕ್ಕೆ ಹೊಸದೇನಲ್ಲ. ಉದ್ದರಿ ಪುಸ್ತಕದಲ್ಲಿ ಹೆಸರು, ಊರು, ಬಾಕಿ ಮೊತ್ತ, ಯಾವ ಸುಗ್ಗಿಗೆ ಹಣ ಬಂದೀತೆಂಬ ಟಿಪ್ಪಣಿ ಎಲ್ಲವೂ ಇರುತ್ತಿದ್ದವು. ಆದರೆ ಆ ಪುಸ್ತಕವನ್ನು ಇನ್ನೊಂದು ಅಂಗಡಿಯ ಪುಸ್ತಕದೊಡನೆ ಕ್ಷಣಮಾತ್ರದಲ್ಲಿ ಜೋಡಿಸಲು ಸಾಧ್ಯವಿರಲಿಲ್ಲ, ಸಾವಿರ ಹೆಸರುಗಳ ಪೈಕಿ ಒಂದೇ ಬಗೆಯ ಸರಕು ಕೊಂಡವರನ್ನು ಹೆಕ್ಕಲು ದಿನಗಳೇ ಬೇಕಾಗುತ್ತಿದ್ದವು. ಗಣಕಯಂತ್ರ ತಂದ ಬದಲಾವಣೆಯ ತಿರುಳು ಈ ಜೋಡಿಸುವ ಮತ್ತು ಹೆಕ್ಕುವ ಶಕ್ತಿಯಲ್ಲಿದೆ.

ಇದರ ಮೊದಲ ಹೆಜ್ಜೆ ಸರಕಿಗೆ ಸಂಬಂಧಿಸಿದ್ದು. 1974ರ ಜೂನ್ 26ರಂದು ಅಮೆರಿಕದ ಓಹಾಯೋ ರಾಜ್ಯದ ಟ್ರಾಯ್ ಪಟ್ಟಣದ ಮಾರ್ಷ್ ಸೂಪರ್ ಮಾರ್ಕೆಟ್ಟಿನಲ್ಲಿ ಚ್ಯೂಯಿಂಗ್ ಗಮ್ಮಿನ ಪೊಟ್ಟಣವೊಂದರ ಬಾರ್‌ಕೋಡನ್ನು ಮೊದಲ ಬಾರಿಗೆ ಸ್ಕ್ಯಾನ್ ಮಾಡಲಾಯಿತು. ಅಂದಿನಿಂದ ಯಾವ ಸರಕು, ಯಾವ ದಿನ, ಎಷ್ಟು ಮಾರಾಟವಾಯಿತೆಂಬುದು ತಾನಾಗಿ ದಾಖಲಾಗತೊಡಗಿತಾದರೂ ಕೊಂಡವರು ಯಾರೆಂಬುದು ಆ ದಾಖಲೆಯಲ್ಲಿ ಇರಲಿಲ್ಲ. ಆ ಕೊರತೆಯನ್ನು ತುಂಬಿದ್ದು ಲಾಯಲ್ಟಿ ಕಾರ್ಡ್, ಅಂದರೆ ಪ್ರತಿ ಖರೀದಿಗೂ ಅಂಕಗಳನ್ನು ಕೊಟ್ಟು, ಆ ಅಂಕಗಳಿಗೆ ರಿಯಾಯಿತಿ ನೀಡಿ, ಪ್ರತಿಯಾಗಿ ಗ್ರಾಹಕರ ಗುರುತನ್ನು ಬಿಲ್ಲಿಗೆ ಅಂಟಿಸುವ ವ್ಯವಸ್ಥೆ. ಬ್ರಿಟನ್ನಿನ ಟೆಸ್ಕೊ ಸಂಸ್ಥೆ 1995ರ ಫೆಬ್ರವರಿಯಲ್ಲಿ ದೇಶದಾದ್ಯಂತ ಆರಂಭಿಸಿದ ಕ್ಲಬ್‌ಕಾರ್ಡ್ ಇದರ ಹೆಸರಾಂತ ಉದಾಹರಣೆ. ಅದರ ಹಿಂದಿನ ವಿಶ್ಲೇಷಣೆಯನ್ನು ಮಾಡಿದ್ದು ಎಡ್ವಿನಾ ಡನ್ ಮತ್ತು ಕ್ಲೈವ್ ಹಂಬಿ ದಂಪತಿ 1989ರಲ್ಲಿ ಸ್ಥಾಪಿಸಿದ ಡನ್‌ಹಂಬಿ ಎಂಬ ಸಣ್ಣ ಸಂಸ್ಥೆ. ಅದೇ 1995ರಲ್ಲಿ ಟೆಸ್ಕೊ ಪ್ರತಿಸ್ಪರ್ಧಿ ಸೇನ್ಸ್‌ಬರಿಯನ್ನು ಹಿಂದಿಕ್ಕಿ ಬ್ರಿಟನ್ನಿನ ಅತಿದೊಡ್ಡ ದಿನಸಿ ವ್ಯಾಪಾರ ಸಂಸ್ಥೆಯಾಯಿತು. ಈ ಯಶಸ್ಸಿಗೆ ಕಾರ್ಡ್ ಒಂದೇ ಕಾರಣವೆನ್ನಲಾಗದು, ಆದರೂ ಗ್ರಾಹಕರ ಮಾಹಿತಿಯೇ ಬಂಡವಾಳವೆಂಬ ನಂಬಿಕೆ ಚಿಲ್ಲರೆ ವ್ಯಾಪಾರದಲ್ಲಿ ಬೇರುಬಿಟ್ಟದ್ದು ಇಂತಹ ಉದಾಹರಣೆಗಳಿಂದಲೇ.

ಭಾರತದ ಬಹಳಷ್ಟು ಅಂಗಡಿಗಳಿಗೆ ಪ್ಲಾಸ್ಟಿಕ್ ಕಾರ್ಡ್ ಹಂಚುವ ಅಗತ್ಯ ಬೀಳಲಿಲ್ಲ, ಏಕೆಂದರೆ ಮೊಬೈಲ್ ಸಂಖ್ಯೆಯೇ ಆ ಕೆಲಸವನ್ನು ಮಾಡಿತು. ಕಾರ್ಡಿನ ಸಂಖ್ಯೆ ಒಂದು ಅಂಗಡಿಗೆ ಮಾತ್ರ ಸಂಬಂಧಿಸಿದ್ದು. ಮೊಬೈಲ್ ಸಂಖ್ಯೆಯಾದರೋ ಬ್ಯಾಂಕ್ ಖಾತೆ, ಯುಪಿಐ, ಆಧಾರ್, ಗ್ಯಾಸ್ ಬುಕಿಂಗ್, ಮಕ್ಕಳ ಶಾಲೆಯ ಸಂದೇಶ ಎಲ್ಲಕ್ಕೂ ಅಂಟಿಕೊಂಡಿರುತ್ತದೆ. ಹೀಗಾಗಿ ಎರಡು ಬೇರೆ ಬೇರೆ ಸಂಸ್ಥೆಗಳ ಪಟ್ಟಿಗಳನ್ನು ಹೊಲಿದು ಒಂದಾಗಿಸುವ ದಾರವಾಗಿ ಅದು ಬಳಕೆಯಾಗಬಲ್ಲದು. ಅಂಗಡಿಯ ಸಿಬ್ಬಂದಿ ಸಹಜವಾಗಿ ಕೇಳುವ, ಗ್ರಾಹಕರು ಅಷ್ಟೇ ಸಹಜವಾಗಿ ಹೇಳಿಬಿಡುವ ಈ ಸಂಖ್ಯೆಯ ತೂಕ ಇಬ್ಬರಿಗೂ ತಿಳಿದಿರಬೇಕು.

ಮಾಹಿತಿ ಬರುವ ದಾರಿಗಳು

ಗ್ರಾಹಕರು ತಾವಾಗಿ ಕೊಡುವ ಮಾಹಿತಿ, ಅವರ ನಡವಳಿಕೆಯಿಂದ ದಾಖಲಾಗುವ ಮಾಹಿತಿ, ಇವೆರಡರಿಂದ ಊಹಿಸಲಾಗುವ ಮಾಹಿತಿ ಎಂಬ ಮೂರು ಬಗೆಗಳನ್ನು ಬೇರೆಯಾಗಿ ಗುರುತಿಸುವುದು ಉಪಯುಕ್ತ. ಹೆಸರು, ವಿಳಾಸ, ಹುಟ್ಟಿದ ದಿನ ಮೊದಲನೆಯ ಬಗೆಯವು. ಎರಡನೆಯ ಬಗೆಯ ಮಾಹಿತಿಗೆ ಬಿಲ್ಲಿಂಗ್ ಸಾಫ್ಟ್‌ವೇರ್, ಜಾಲತಾಣ, ಮೊಬೈಲ್ ಆ್ಯಪ್, ಅಂಗಡಿಯ ಉಚಿತ ವೈಫೈ, ವಾಟ್ಸ್ಆ್ಯಪ್ ಬಿಸಿನೆಸ್ ಖಾತೆ ಇತ್ಯಾದಿಗಳೆಲ್ಲ ಮೂಲಗಳು. ಜಾಲತಾಣಗಳಲ್ಲಿ ಈ ಕೆಲಸವನ್ನು ಮುಖ್ಯವಾಗಿ ಮಾಡುವುದು ಕುಕಿ, ಅಂದರೆ ತಾಣವು ಭೇಟಿಕೊಟ್ಟವರ ಬ್ರೌಸರಿನಲ್ಲಿ ಇರಿಸಿ ಹೋಗುವ ಪುಟ್ಟ ಗುರುತಿನ ಚೀಟಿ. ನೆಟ್‌ಸ್ಕೇಪ್ ಕಂಪನಿಯ ಲೂ ಮಾಂಟುಲಿ 1994ರಲ್ಲಿ ಇದನ್ನು ರೂಪಿಸಿದ್ದು, ಕೊಳ್ಳುವವರ ಬುಟ್ಟಿಯಲ್ಲಿ ಏನಿದೆ ಎಂಬುದನ್ನು ಒಂದು ಪುಟದಿಂದ ಮತ್ತೊಂದು ಪುಟಕ್ಕೆ ಹೋದಾಗಲೂ ತಾಣವು ಮರೆಯದಿರಲೆಂದು. ಭೇಟಿಕೊಟ್ಟ ತಾಣದ ಬದಲು ಜಾಹೀರಾತು ಸಂಸ್ಥೆಯೊಂದು ಇರಿಸುವ ಕುಕಿಯು ಆ ಸಂಸ್ಥೆಯ ಜಾಹೀರಾತುಗಳಿರುವ ಎಲ್ಲ ತಾಣಗಳಲ್ಲೂ ಅದೇ ವ್ಯಕ್ತಿಯನ್ನು ಗುರುತಿಸಬಲ್ಲದಾದ್ದರಿಂದ ಕಾಲಕ್ರಮದಲ್ಲಿ ಅದು ಹಿಂಬಾಲಿಸುವ ಸಾಧನವಾಯಿತು. ಆಪಲ್ ಸಂಸ್ಥೆಯ ಸಫಾರಿ ಬ್ರೌಸರ್ 2020ರಿಂದ ಇಂತಹ ಕುಕಿಗಳನ್ನು ಪೂರ್ಣವಾಗಿ ತಡೆಯುತ್ತಿದೆ.

ಮೊಬೈಲ್ ಆ್ಯಪ್‌ಗಳ ವಿಷಯ ಇನ್ನಷ್ಟು ಸೂಕ್ಷ್ಮ. ಅಂಗಡಿಯವರು ಯಾರಿಂದಲೋ ಆ್ಯಪ್ ಮಾಡಿಸಿದಾಗ ಅದರೊಳಗೆ ಜಾಹೀರಾತು, ಬಳಕೆಯ ಅಂಕಿಅಂಶ, ಸಂದೇಶ ರವಾನೆ ಮುಂತಾದ ಕೆಲಸಗಳಿಗಾಗಿ ಬೇರೆ ಕಂಪನಿಗಳು ಬರೆದ ಸಿದ್ಧ ತುಣುಕುಗಳನ್ನು ಸೇರಿಸಿರುತ್ತಾರೆ. ಎಸ್‌ಡಿಕೆ ಎಂದು ಕರೆಯಲಾಗುವ ಆ ತುಣುಕುಗಳು ತಮ್ಮ ಮೂಲ ಕಂಪನಿಗೂ ಮಾಹಿತಿ ಕಳುಹಿಸುತ್ತಿರಬಹುದು. ಆ್ಯಪ್ ಮಾಡಿಸುವವರು ಯಾವ ಯಾವ ಎಸ್‌ಡಿಕೆಗಳನ್ನು ಸೇರಿಸಲಾಗಿದೆ, ಅವು ಏನನ್ನು ಎಲ್ಲಿಗೆ ಕಳುಹಿಸುತ್ತವೆ ಎಂಬ ಪಟ್ಟಿಯನ್ನು ಬರಹದಲ್ಲಿ ಕೇಳಿ ಪಡೆಯಬೇಕು. ಗ್ರಾಹಕರಿಗೆ ಉತ್ತರ ಹೇಳಬೇಕಾದವರು ಕೊನೆಗೂ ಅಂಗಡಿಯವರೇ. ಪಾವತಿಯ ವಿಷಯದಲ್ಲಿ ಮಾತ್ರ ನಿಯಮ ಸ್ಪಷ್ಟವಾಗಿದೆ: ರಿಸರ್ವ್ ಬ್ಯಾಂಕಿನ ಆದೇಶದಂತೆ 2022ರ ಅಕ್ಟೋಬರ್ 1ರಿಂದ ವ್ಯಾಪಾರಿಗಳು ಗ್ರಾಹಕರ ಕಾರ್ಡ್ ಸಂಖ್ಯೆಯನ್ನು ತಮ್ಮಲ್ಲಿ ಉಳಿಸಿಕೊಳ್ಳುವಂತಿಲ್ಲ, ಅದರ ಬದಲು ಟೋಕನ್ ಎಂಬ ಬದಲಿ ಸಂಖ್ಯೆಯನ್ನಷ್ಟೇ ಇಟ್ಟುಕೊಳ್ಳಬಹುದು.

ಒಬ್ಬರಿಗೆ ಒಂದೇ ದಾಖಲೆ

ಸಂಗ್ರಹಿಸಿದ ಮಾಹಿತಿಯನ್ನು ಜೋಡಿಸಿಡುವ ವ್ಯವಸ್ಥೆಯೇ ಡೇಟಾಬೇಸ್. ಇಂದಿನ ಬಹುತೇಕ ವ್ಯಾಪಾರೀ ಡೇಟಾಬೇಸ್‌ಗಳ ತಳಹದಿ ಐಬಿಎಂ ಸಂಸ್ಥೆಯ ಎಡ್ಗರ್ ಕಾಡ್ 1970ರಲ್ಲಿ ಪ್ರಕಟಿಸಿದ ಸಂಬಂಧಾತ್ಮಕ ಮಾದರಿ: ಗ್ರಾಹಕರದೊಂದು ಕೋಷ್ಟಕ, ಬಿಲ್ಲುಗಳದೊಂದು ಕೋಷ್ಟಕ, ಸರಕುಗಳದೊಂದು ಕೋಷ್ಟಕವಿದ್ದು, ಪ್ರತಿ ಸಾಲಿಗೂ ಇರುವ ಪ್ರತ್ಯೇಕ ಗುರುತಿನ ಸಂಖ್ಯೆಯ ಮೂಲಕ ಇವು ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಇದರ ಮೇಲೆ ನಿಲ್ಲುವ, ಮಾರಾಟ, ದೂರು, ಸಂದೇಶ, ರಿಪೇರಿ ಮುಂತಾದ ಎಲ್ಲ ಸಂಪರ್ಕಗಳನ್ನೂ ಒಬ್ಬೊಬ್ಬ ಗ್ರಾಹಕರ ಹೆಸರಿನಡಿ ತೋರಿಸುವ ತಂತ್ರಾಂಶಕ್ಕೆ ಸಿಆರ್‌ಎಂ ಎಂಬ ಹೆಸರಿದೆ.

ಮೊಬೈಲ್ ಸಂಖ್ಯೆಯನ್ನೇ ಗುರುತಿನ ಸಂಖ್ಯೆಯನ್ನಾಗಿ ಮಾಡಿಕೊಳ್ಳುವುದು ಸಣ್ಣ ಅಂಗಡಿಗಳಲ್ಲಿ ಸಾಮಾನ್ಯ, ಆದರೆ ಅದರಿಂದ ತೊಂದರೆಗಳು ಹುಟ್ಟುತ್ತವೆ. ಮನೆಯಲ್ಲಿ ನಾಲ್ವರಿದ್ದು ಎಲ್ಲರೂ ಯಜಮಾನರ ಸಂಖ್ಯೆಯನ್ನೇ ಹೇಳುವುದುಂಟು. ಆಗ ದಾಖಲೆಯಲ್ಲಿ ಒಬ್ಬರೇ ವ್ಯಕ್ತಿ ಸೀರೆ, ಶಾಲಾ ಸಮವಸ್ತ್ರ, ಮಂಡಿನೋವಿನ ಔಷಧ ಎಲ್ಲವನ್ನೂ ಕೊಂಡಂತೆ ಕಾಣುತ್ತದೆ, ಮಗಳು ಕೊಂಡ ಔಷಧದ ವಿವರ ತಂದೆಯ ಮೊಬೈಲಿಗೆ ಹೋಗುತ್ತದೆ. ಇನ್ನೊಂದು ತೊಂದರೆ, ಬಳಕೆ ನಿಂತ ಮೊಬೈಲ್ ಸಂಖ್ಯೆಯನ್ನು ಕನಿಷ್ಠ 90 ದಿನಗಳ ಬಳಿಕ ಬೇರೊಬ್ಬರಿಗೆ ಕೊಡಲು ದೂರಸಂಪರ್ಕ ಕಂಪನಿಗಳಿಗೆ ಅವಕಾಶವಿರುವುದು. ವರ್ಷಗಟ್ಟಲೆ ಅಂಗಡಿಗೆ ಬಾರದವರ ಸಂಖ್ಯೆಗೆ ಕಳುಹಿಸಿದ ಬಿಲ್ಲು ಅಪರಿಚಿತರ ಕೈಸೇರಬಹುದು. ಆದ್ದರಿಂದ ಗ್ರಾಹಕರಿಗೆ ಅಂಗಡಿಯದೇ ಆದ ಆಂತರಿಕ ಸಂಖ್ಯೆಯೊಂದನ್ನು ಕೊಟ್ಟು, ಮೊಬೈಲ್ ಸಂಖ್ಯೆಯನ್ನು ಬದಲಾಗಬಲ್ಲ ಒಂದು ವಿವರವಾಗಿ ಮಾತ್ರ ಇಟ್ಟುಕೊಳ್ಳುವುದು, ಬಹುಕಾಲದ ನಂತರ ಬಂದವರ ಸಂಖ್ಯೆಯನ್ನು ಒಟಿಪಿ ಮೂಲಕ ಮತ್ತೆ ದೃಢಪಡಿಸಿಕೊಳ್ಳುವುದು ಸರಿಯಾದ ಕ್ರಮ.

ಕರ್ನಾಟಕದ ಅಂಗಡಿಗಳ ಪಟ್ಟಿಗಳಲ್ಲಿ ಕಾಣುವ ಇನ್ನೂ ಕೆಲವು ದೋಷಗಳು ಈ ನೆಲಕ್ಕೇ ವಿಶಿಷ್ಟವಾದವು, ಹೊರಗಿನ ಕೈಪಿಡಿಗಳಲ್ಲಿ ಇವುಗಳ ಪ್ರಸ್ತಾಪ ಸಿಗುವುದು ಕಷ್ಟ. ಇಂಗ್ಲಿಷ್ ಅಕ್ಷರಗಳಲ್ಲಿ ದಾಖಲಿಸುವಾಗ ಲಕ್ಷ್ಮಿ ಎಂಬ ಒಂದೇ ಹೆಸರನ್ನು ಒಬ್ಬ ಸಿಬ್ಬಂದಿ ಎಕ್ಸ್ ಅಕ್ಷರ ಹಾಕಿ ಬರೆದರೆ ಇನ್ನೊಬ್ಬರು ಕೆ, ಎಸ್, ಎಚ್ ಅಕ್ಷರಗಳನ್ನು ಹಾಕಿ ಬರೆಯುತ್ತಾರೆ. ಶ್ರೀನಿವಾಸ ಎಂಬ ಹೆಸರಿಗಂತೂ ಐದಾರು ರೂಪಗಳು ಸಿಗುತ್ತವೆ. ಉತ್ತರ ಕರ್ನಾಟಕದಲ್ಲಿ ಅಡ್ಡಹೆಸರು ಇರುತ್ತದೆ, ಹಳೇ ಮೈಸೂರು ಭಾಗದ ಬಹುಜನರಿಗೆ ಊರಿನ ಮತ್ತು ತಂದೆಯ ಹೆಸರಿನ ಮೊದಲಕ್ಷರಗಳೇ ಇನಿಷಿಯಲ್ ಆಗಿರುತ್ತವೆ. ಲಾಸ್ಟ್ ನೇಮ್ ತುಂಬಲೇಬೇಕೆಂದು ಹಟ ಹಿಡಿಯುವ ತಂತ್ರಾಂಶದಲ್ಲಿ ಸಿಬ್ಬಂದಿ ಒಂದು ಚುಕ್ಕಿಯನ್ನೋ ಊರಿನ ಹೆಸರನ್ನೋ ತುಂಬಿ ಮುಂದೆ ಹೋಗುತ್ತಾರೆ. ಹೆಸರಿಗೆ ಒಂದೇ ಅಂಕಣವಿಟ್ಟು, ಗ್ರಾಹಕರು ಹೇಳಿದಂತೆಯೇ ಬರೆದುಕೊಳ್ಳುವುದು ಇದಕ್ಕಿರುವ ಸರಳ ಪರಿಹಾರ. ಕನ್ನಡದಲ್ಲೇ ದಾಖಲಿಸುತ್ತಾ ಬಂದ ಹಳೆಯ ಸಂಸ್ಥೆಗಳಲ್ಲಿ, ವಿಶೇಷವಾಗಿ ಸಹಕಾರ ಸಂಘಗಳಲ್ಲಿ, ಮಾಹಿತಿಯು ನುಡಿ ಅಥವಾ ಬರಹ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಇರುವುದುಂಟು. ಅಲ್ಲಿ ಕನ್ನಡ ಅಕ್ಷರಗಳು ಇಂಗ್ಲಿಷ್ ಅಕ್ಷರಗಳ ಸಂಕೇತಸ್ಥಾನಗಳಲ್ಲಿ ಕುಳಿತಿರುವುದರಿಂದ ಹೊಸ ತಂತ್ರಾಂಶಕ್ಕೆ ಸಾಗಿಸಿದಾಗ ಹೆಸರುಗಳು ಅರ್ಥವಿಲ್ಲದ ಗುರುತುಗಳಾಗಿ ಕಾಣುತ್ತವೆ, ಹುಡುಕಲೂ ಅಕಾರಾದಿಯಾಗಿ ಜೋಡಿಸಲೂ ಬರುವುದಿಲ್ಲ. ಎಲ್ಲ ಅಕ್ಷರಗಳಿಗೂ ಜಗತ್ತಿನಾದ್ಯಂತ ಒಂದೇ ಸಂಕೇತ ಕೊಡುವ ಯೂನಿಕೋಡ್ ಶಿಷ್ಟತೆಗೆ ಮೊದಲು ಪರಿವರ್ತಿಸಿ, ಒತ್ತಕ್ಷರಗಳು ಸರಿಯಾಗಿ ಬಂದಿವೆಯೇ ಎಂದು ಕಣ್ಣಾರೆ ನೋಡಿ, ಆನಂತರವೇ ಸಾಗಿಸಬೇಕು.

ಎಕ್ಸೆಲ್ ಹಾಳೆಗಳೂ ತಮ್ಮದೇ ರೀತಿಯಲ್ಲಿ ಕೈಕೊಡುತ್ತವೆ. ಮೊಬೈಲ್ ಸಂಖ್ಯೆಯ ಅಂಕಣವನ್ನು ಪಠ್ಯವೆಂದು ಗುರುತಿಸದಿದ್ದರೆ ಆರಂಭದ ಸೊನ್ನೆ ಮಾಯವಾಗುತ್ತದೆ, ದೇಶದ ಸಂಕೇತ 91 ಸೇರಿದ ಹನ್ನೆರಡು ಅಂಕಿಗಳ ಸಂಖ್ಯೆ 9.19ಇ+11 ಎಂಬ ಸಂಕ್ಷಿಪ್ತ ರೂಪಕ್ಕೆ ತಿರುಗುತ್ತದೆ, ಆ ರೂಪದಲ್ಲೇ ಸಿಎಸ್‌ವಿ ಕಡತವಾಗಿ ಉಳಿಸಿದರೆ ಮೂಲ ಅಂಕಿಗಳು ಶಾಶ್ವತವಾಗಿ ಕಳೆದುಹೋಗುತ್ತವೆ.

ಹೆಸರಿಲ್ಲದೆಯೂ ನಡೆಯುವ ವಿಶ್ಲೇಷಣೆ

ಮಾಹಿತಿಯಿಂದ ವ್ಯಾಪಾರಕ್ಕೆ ಆಗುವ ನಿಜವಾದ ಲಾಭವೇನೆಂಬುದನ್ನು ತಿಳಿಯಲು, ದಾವಣಗೆರೆಯಂತಹ ಊರಿನ ಮಧ್ಯಮ ಗಾತ್ರದ ಬಟ್ಟೆ ಅಂಗಡಿಯೊಂದನ್ನು ಉದಾಹರಣೆಗಾಗಿ ಊಹಿಸಿಕೊಳ್ಳಬಹುದು. ಅಲ್ಲಿನ 1,000 ಬಿಲ್ಲುಗಳಲ್ಲಿ 200 ಬಿಲ್ಲುಗಳಲ್ಲಿ ಸೀರೆಯೂ, 100 ಬಿಲ್ಲುಗಳಲ್ಲಿ ಸೀರೆಯ ಫಾಲ್ಸೂ, 60 ಬಿಲ್ಲುಗಳಲ್ಲಿ ಎರಡೂ ಇವೆ ಎಂದುಕೊಂಡರೆ, ಸೀರೆ ಕೊಂಡವರಲ್ಲಿ ಶೇ 30ರಷ್ಟು ಜನ ಫಾಲ್ಸನ್ನೂ ಕೊಂಡಿದ್ದಾರೆ; ಒಟ್ಟು ಬಿಲ್ಲುಗಳಲ್ಲಿ ಫಾಲ್ಸಿನ ಪಾಲು ಶೇ 10 ಮಾತ್ರ. ಅಂದರೆ ಸೀರೆ ಕೊಂಡವರು ಫಾಲ್ಸ್ ಕೊಳ್ಳುವ ಸಾಧ್ಯತೆ ಸಾಮಾನ್ಯಕ್ಕಿಂತ ಮೂರು ಪಟ್ಟು ಹೆಚ್ಚು. ಬುಟ್ಟಿ ವಿಶ್ಲೇಷಣೆ ಎಂದು ಕರೆಯಲಾಗುವ ಈ ಲೆಕ್ಕದಲ್ಲಿ ಈ ಮೂರು ಪಟ್ಟೆಂಬ ಸಂಖ್ಯೆಗೆ ಲಿಫ್ಟ್ ಎಂಬ ಹೆಸರಿದೆ. ಅದು 1ರ ಆಸುಪಾಸಿನಲ್ಲಿದ್ದರೆ ಎರಡು ಸರಕುಗಳಿಗೆ ನಂಟಿಲ್ಲ, ಹೆಚ್ಚಿದಷ್ಟೂ ನಂಟು ಗಟ್ಟಿ. ಫಾಲ್ಸನ್ನು ಸೀರೆಯ ವಿಭಾಗದ ಪಕ್ಕದಲ್ಲೇ ಇಡಬೇಕೆಂಬ ನಿರ್ಧಾರಕ್ಕೆ ಈ ಲೆಕ್ಕ ಸಾಕು, ಮತ್ತು ಇದಕ್ಕೆ ಒಬ್ಬ ಗ್ರಾಹಕರ ಹೆಸರೂ ಮೊಬೈಲ್ ಸಂಖ್ಯೆಯೂ ಬೇಕಾಗಲಿಲ್ಲ. ಯಾವ ಬಣ್ಣ ಓಡುತ್ತದೆ, ಯಾವ ಅಳತೆ ಉಳಿಯುತ್ತದೆ, ಸಂಜೆ ಎಷ್ಟು ಗಂಟೆಗೆ ಹೆಚ್ಚು ಸಿಬ್ಬಂದಿ ಬೇಕು ಎಂಬ ಪ್ರಶ್ನೆಗಳಿಗೂ ಹೆಸರಿಲ್ಲದ ಬಿಲ್ಲುಗಳೇ ಉತ್ತರ ಕೊಡುತ್ತವೆ. ಗ್ರಾಹಕರ ಗುರುತನ್ನು ಕೇಳುವ ಮುನ್ನ ಈ ಉತ್ತರಗಳನ್ನು ಪೂರ್ಣವಾಗಿ ಪಡೆದುಕೊಂಡಿರುವ ಅಂಗಡಿಗಳು ವಿರಳವೆಂಬುದು ಗಮನಿಸಬೇಕಾದ ಸಂಗತಿ.

ಗುರುತು ಬೇಕಾಗುವುದು ಒಬ್ಬೊಬ್ಬ ಗ್ರಾಹಕರನ್ನು ಪ್ರತ್ಯೇಕವಾಗಿ ಅರಿಯಬೇಕಾದಾಗ. ಅದಕ್ಕೆ ಹೆಚ್ಚಾಗಿ ಬಳಕೆಯಲ್ಲಿರುವ ವಿಧಾನ ಆರ್‌ಎಫ್‌ಎಂ: ಕೊನೆಯ ಖರೀದಿಯಾಗಿ ಎಷ್ಟು ದಿನವಾಯಿತು, ಒಂದು ಅವಧಿಯಲ್ಲಿ ಎಷ್ಟು ಬಾರಿ ಖರೀದಿ ನಡೆಯಿತು, ಒಟ್ಟು ಎಷ್ಟು ಹಣ ಖರ್ಚಾಯಿತು ಎಂಬ ಮೂರು ಅಳತೆಗಳಿಗೆ ಒಂದರಿಂದ ಐದರವರೆಗೆ ಅಂಕ ಕೊಟ್ಟು ಗ್ರಾಹಕರನ್ನು ಗುಂಪುಗಳಾಗಿ ವಿಂಗಡಿಸುವುದು. ಸಿದ್ಧ ತಂತ್ರಾಂಶಗಳು ಆರು ತಿಂಗಳು ಬಾರದವರನ್ನು ಕೈತಪ್ಪಿದ ಗ್ರಾಹಕರೆಂದು ಗುರುತಿಸಿ ರಿಯಾಯಿತಿಯ ಸಂದೇಶ ಕಳುಹಿಸುವಂತೆ ಸೂಚಿಸಬಹುದು. ಆದರೆ ಸೀರೆಯ ವ್ಯಾಪಾರ ನಡೆಯುವುದು ಯುಗಾದಿ, ವರಮಹಾಲಕ್ಷ್ಮಿ, ದೀಪಾವಳಿ ಮತ್ತು ಮದುವೆಯ ಮುಹೂರ್ತಗಳ ಲೆಕ್ಕದಲ್ಲಿ. ಪ್ರತಿ ವರ್ಷ ವರಮಹಾಲಕ್ಷ್ಮಿ ಹಬ್ಬಕ್ಕೆ ತಪ್ಪದೆ ಬರುವವರು ಹನ್ನೊಂದು ತಿಂಗಳು ಬಾರದಿದ್ದರೂ ಕೈತಪ್ಪಿದವರಲ್ಲ. ಆಷಾಢದ ರಿಯಾಯಿತಿ ಮಾರಾಟಕ್ಕೆ ಮಾತ್ರ ಬರುವವರಿಗೆ ಶ್ರಾವಣದಲ್ಲಿ ಸಂದೇಶ ಕಳುಹಿಸಿದರೆ ಫಲ ಸಿಗುವುದು ಕಡಿಮೆ. ಕಾಲದ ಅಳತೆಯನ್ನು ದಿನಗಳ ಬದಲು ಹಬ್ಬಗಳಲ್ಲಿ ಇಟ್ಟುಕೊಂಡು, ಕಳೆದ ಎರಡು ವರ್ಷಗಳಲ್ಲಿ ಅದೇ ಹಬ್ಬಕ್ಕೆ ಬಂದವರು ಈ ವರ್ಷ ಬಂದರೇ ಇಲ್ಲವೇ ಎಂದು ನೋಡುವುದು ಇಲ್ಲಿನ ವ್ಯಾಪಾರಕ್ಕೆ ಹೆಚ್ಚು ಹೊಂದುತ್ತದೆ. ಪಂಚಾಂಗವನ್ನು ತಿಳಿದ ಹಳೆಯ ಗುಮಾಸ್ತರ ಮಾತನ್ನು ಕೇಳದೆ ಈ ಕೋಷ್ಟಕವನ್ನು ರಚಿಸಬಾರದು.

ಕಾನೂನು ಹಾಕುವ ಎಲ್ಲೆ

ಖಾಸಗಿತನವು ಸಂವಿಧಾನದತ್ತವಾದ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಸರ್ವಾನುಮತದಿಂದ ತೀರ್ಪಿತ್ತ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆ ತೀರ್ಪಿನ ಹೊತ್ತಿಗೆ ಆರಂಭವಾಗಿದ್ದ ಕಾನೂನು ರಚನೆಯ ದೀರ್ಘ ಪ್ರಯತ್ನ ಹಲವು ಕರಡುಗಳನ್ನು ದಾಟಿ, 2023ರ ಆಗಸ್ಟ್ 11ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯಾಗಿ ಮುಗಿಯಿತು. ಅದರ ನಿಯಮಗಳನ್ನು 2025ರ ನವೆಂಬರ್‌ನಲ್ಲಿ ಪ್ರಕಟಿಸಲಾಗಿದ್ದು, ವ್ಯಾಪಾರಿಗಳ ಮೇಲಿನ ಮುಖ್ಯ ಹೊಣೆಗಳು ಅಲ್ಲಿಂದ ಹದಿನೆಂಟು ತಿಂಗಳ ಬಳಿಕ, ಅಂದರೆ 2027ರ ಮೇ ತಿಂಗಳಲ್ಲಿ ಜಾರಿಗೆ ಬರುತ್ತವೆ.

ಈ ಕಾಯಿದೆಯಲ್ಲಿ ಮಾಹಿತಿಗೆ ಸಂಬಂಧಪಟ್ಟ ವ್ಯಕ್ತಿಯನ್ನು ಡೇಟಾ ಪ್ರಿನ್ಸಿಪಲ್ ಎಂದೂ, ಮಾಹಿತಿಯನ್ನು ಏಕೆ ಮತ್ತು ಹೇಗೆ ಬಳಸಬೇಕೆಂದು ತೀರ್ಮಾನಿಸುವವರನ್ನು ಡೇಟಾ ಫಿಡ್ಯೂಷಿಯರಿ ಎಂದೂ, ಅವರ ಪರವಾಗಿ ಕೆಲಸ ಮಾಡುವ ತಂತ್ರಾಂಶ ಕಂಪನಿಯಂತಹವರನ್ನು ಡೇಟಾ ಪ್ರೊಸೆಸರ್ ಎಂದೂ ಕರೆಯಲಾಗಿದೆ. ಅಂಗಡಿಯ ಮಾಲೀಕರು ಎರಡನೆಯ ಗುಂಪಿಗೆ ಸೇರುತ್ತಾರೆ, ಮತ್ತು ಒಪ್ಪಂದದಲ್ಲಿ ಏನೇ ಬರೆದಿದ್ದರೂ ಪ್ರೊಸೆಸರಿನಿಂದಾದ ಲೋಪಕ್ಕೂ ಅವರೇ ಹೊಣೆಗಾರರು. ಕಾಯಿದೆ ಅನ್ವಯಿಸುವುದು ಡಿಜಿಟಲ್ ರೂಪದಲ್ಲಿರುವ, ಅಥವಾ ಕಾಗದದಿಂದ ಡಿಜಿಟಲ್ ರೂಪಕ್ಕೆ ತಂದ ಮಾಹಿತಿಗೆ. ಕಾಗದದಲ್ಲೇ ಉಳಿದ ಉದ್ದರಿ ಪುಸ್ತಕ ಇದರ ವ್ಯಾಪ್ತಿಗೆ ಬರುವುದಿಲ್ಲ, ಅದನ್ನು ಮೊಬೈಲಿನ ಖಾತೆ ಆ್ಯಪ್‌ಗೆ ಏರಿಸಿದ ದಿನವೇ ಬರುತ್ತದೆ.

ಅಂಗಡಿಗಳಿಗೆ ಇದು ಹೇಗೆ ಅನ್ವಯಿಸುತ್ತದೆ ಎಂಬುದಕ್ಕೆ ಕಾಯಿದೆಯೇ ಒಂದು ದೃಷ್ಟಾಂತವನ್ನು ಕೊಟ್ಟಿದೆ. ಗ್ರಾಹಕರೊಬ್ಬರು ಔಷಧ ಅಂಗಡಿಯಲ್ಲಿ ಖರೀದಿ ಮಾಡಿ, ಪಾವತಿಯ ರಸೀದಿಯನ್ನು ತಮ್ಮ ಮೊಬೈಲಿಗೆ ಕಳುಹಿಸುವಂತೆ ಕೇಳಿ ಸ್ವಇಚ್ಛೆಯಿಂದ ವಿವರ ಕೊಟ್ಟರೆ, ಆ ಅಂಗಡಿ ರಸೀದಿ ಕಳುಹಿಸುವ ಉದ್ದೇಶಕ್ಕೆ ಅದನ್ನು ಬಳಸಬಹುದು. ಇಲ್ಲಿನ ಇಡೀ ಸಾರ ಆ ಉದ್ದೇಶವೆಂಬ ಮಾತಿನಲ್ಲಿದೆ. ರಸೀದಿಗೆಂದು ಪಡೆದ ಸಂಖ್ಯೆಗೆ ಮರುವಾರ ಸಕ್ಕರೆ ಕಾಯಿಲೆಯ ತಪಾಸಣಾ ಶಿಬಿರದ ಜಾಹೀರಾತು ಕಳುಹಿಸಬೇಕಾದರೆ ಅದಕ್ಕೆ ಬೇರೆಯಾಗಿ ಒಪ್ಪಿಗೆ ಬೇಕು. ಒಪ್ಪಿಗೆಯು ಮುಕ್ತವಾಗಿ, ನಿರ್ದಿಷ್ಟವಾಗಿ, ಷರತ್ತಿಲ್ಲದೆ, ಸ್ಪಷ್ಟ ಕ್ರಿಯೆಯೊಂದರ ಮೂಲಕ ವ್ಯಕ್ತವಾಗಬೇಕಾದ್ದರಿಂದ, ಮೊದಲೇ ಟಿಕ್ ಮಾಡಿಟ್ಟ ಚೌಕವನ್ನು ಒಪ್ಪಿಗೆ ಎನ್ನಲಾಗದು. ಕೊಟ್ಟ ಒಪ್ಪಿಗೆಯನ್ನು, ಕೊಟ್ಟಷ್ಟೇ ಸುಲಭವಾಗಿ ಹಿಂಪಡೆಯುವ ದಾರಿಯೂ ಇರಬೇಕು: ಕೌಂಟರಿನಲ್ಲಿ ಒಂದು ಮಾತಿನಿಂದ ಪಡೆದುದನ್ನು ರದ್ದುಪಡಿಸಲು ಮುಖ್ಯ ಕಚೇರಿಗೆ ಪತ್ರ ಬರೆಯಿರಿ ಎನ್ನುವಂತಿಲ್ಲ.

ಒಪ್ಪಿಗೆ ಕೇಳುವ ಸೂಚನಾಪತ್ರವನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೆಯ ಪರಿಚ್ಛೇದದ 22 ಭಾಷೆಗಳ ಪೈಕಿ ತಮಗೆ ಬೇಕಾದುದರಲ್ಲಿ ಓದುವ ಆಯ್ಕೆ ಗ್ರಾಹಕರಿಗೆ ಇರಬೇಕೆಂಬುದು ಕನ್ನಡಿಗರ ಮಟ್ಟಿಗೆ ಬಹಳ ಮಹತ್ವದ ನಿಯಮ. ಯಾವ ಮಾಹಿತಿ, ಯಾವ ಕೆಲಸಕ್ಕೆ, ಹಿಂಪಡೆಯುವುದು ಹೇಗೆ, ದೂರು ಕೊಡುವುದು ಯಾರಿಗೆ ಎಂಬ ನಾಲ್ಕು ಸಂಗತಿಗಳು ಅದರಲ್ಲಿ ಇರಬೇಕು. ಬಟ್ಟೆ ಅಂಗಡಿಯೊಂದರ ಸೂಚನಾಪತ್ರದ ಮುಖ್ಯ ಭಾಗ ಹೀಗಿರಬಹುದು: “ನಿಮ್ಮ ಮೊಬೈಲ್ ಸಂಖ್ಯೆಯನ್ನು ಬಿಲ್ ಕಳುಹಿಸಲು ಮಾತ್ರ ಬಳಸುತ್ತೇವೆ. ಹಬ್ಬದ ಕೊಡುಗೆಗಳ ಸಂದೇಶ ಬೇಕಿದ್ದರೆ ಕೆಳಗಿನ ಚೌಕದಲ್ಲಿ ಗುರುತು ಹಾಕಿ. ಬೇಡವಾದಾಗ ಇದೇ ಸಂಖ್ಯೆಗೆ ‘ಬೇಡ’ ಎಂದು ಸಂದೇಶ ಕಳುಹಿಸಿದರೆ ನಿಲ್ಲಿಸುತ್ತೇವೆ. ಗುರುತು ಹಾಕದಿದ್ದರೂ ಬಿಲ್ ಮತ್ತು ಬದಲಾವಣೆಯ ಸೌಲಭ್ಯಕ್ಕೆ ತೊಂದರೆಯಿಲ್ಲ.” ಇಂಗ್ಲಿಷ್ ಮೂಲದಿಂದ ಯಂತ್ರ ಅನುವಾದಿಸಿದ, ಓದಿದವರಿಗೆ ಅರ್ಥವಾಗದ ಎರಡು ಪುಟಗಳ ಕನ್ನಡಕ್ಕಿಂತ ಇಂತಹ ನಾಲ್ಕು ವಾಕ್ಯಗಳು ಕಾನೂನಿನ ಆಶಯಕ್ಕೆ ಹತ್ತಿರವಾದವು.

ಮೊಬೈಲ್ ಸಂಖ್ಯೆ ಇಲ್ಲದೆ ಬಿಲ್ ಬರುವುದಿಲ್ಲ ಎಂಬ ಕೌಂಟರಿನ ಮಾತಿಗೆ ಕಾನೂನಿನ ಆಧಾರವಿಲ್ಲ. ಜಿಎಸ್‌ಟಿ ನಿಯಮಗಳ ಪ್ರಕಾರ ನೋಂದಣಿಯಿಲ್ಲದ ಸಾಮಾನ್ಯ ಗ್ರಾಹಕರ ಹೆಸರು, ವಿಳಾಸಗಳು ಬಿಲ್ಲಿನಲ್ಲಿ ಕಡ್ಡಾಯವಾಗುವುದು ತೆರಿಗೆಗೊಳಪಡುವ ಮೌಲ್ಯ 50,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಾದಾಗ. ಬಿಲ್ಲಿನಲ್ಲಿರಬೇಕಾದ ವಿವರಗಳ ಪಟ್ಟಿಯಲ್ಲಿ ಮೊಬೈಲ್ ಸಂಖ್ಯೆಯೇ ಇಲ್ಲ. ಗ್ರಾಹಕರನ್ನು ಇದಕ್ಕಾಗಿ ಒತ್ತಾಯಿಸಬಾರದೆಂದು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆಯೂ 2023ರ ಮೇ ತಿಂಗಳಲ್ಲಿ ಚಿಲ್ಲರೆ ವ್ಯಾಪಾರಿಗಳಿಗೆ ಸೂಚಿಸಿತ್ತು. ಸಂಖ್ಯೆ ಬರೆಯದಿದ್ದರೆ ಮುಂದೆ ಹೋಗಲು ಬಿಡದ ತಂತ್ರಾಂಶವಿದ್ದರೆ ಆ ಅಂಕಣವನ್ನು ಐಚ್ಛಿಕವಾಗಿ ಮಾಡಿಸಿಕೊಳ್ಳುವುದು ಮಾಲೀಕರ ಕೆಲಸ, ಇಲ್ಲದಿದ್ದರೆ ಸಿಬ್ಬಂದಿ ಸುಳ್ಳು ಸಂಖ್ಯೆ ತುಂಬಿ ಪಟ್ಟಿಯನ್ನೇ ಕೆಡಿಸುತ್ತಾರೆ.

ಮಾರಾಟದ ಸಂದೇಶಗಳಿಗೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ ಪ್ರತ್ಯೇಕ ನಿಯಮಗಳಿವೆ. ವ್ಯಾಪಾರ ಸಂಸ್ಥೆಯು ತನ್ನ ಹೆಸರು, ಕಳುಹಿಸುವವರ ಶೀರ್ಷಿಕೆ ಮತ್ತು ಸಂದೇಶಗಳ ಮಾದರಿಯನ್ನು ದೂರಸಂಪರ್ಕ ಕಂಪನಿಗಳ ಡಿಎಲ್‌ಟಿ ಎಂಬ ನೋಂದಣಿ ವೇದಿಕೆಯಲ್ಲಿ ನೋಂದಾಯಿಸಬೇಕು. 2025ರಿಂದ ಶೀರ್ಷಿಕೆಯ ಕೊನೆಯಲ್ಲಿ ಪ್ರಚಾರದ ಸಂದೇಶಕ್ಕೆ ಪಿ, ಸೇವೆಯದಕ್ಕೆ ಎಸ್, ವಹಿವಾಟಿನದಕ್ಕೆ ಟಿ, ಸರ್ಕಾರದ್ದಕ್ಕೆ ಜಿ ಅಕ್ಷರ ಸೇರುತ್ತಿದೆ. ಬೇಡದ ಪ್ರಚಾರವನ್ನು ತಡೆಯಲು ಗ್ರಾಹಕರು 1909 ಸಂಖ್ಯೆಯನ್ನು ಬಳಸಬಹುದು.

ಕಾಯುವುದು ಮತ್ತು ಅಳಿಸುವುದು

ಮಾಹಿತಿ ಸೋರಿಕೆ ಎಂದೊಡನೆ ದೂರದೇಶದ ಹ್ಯಾಕರ್‌ಗಳ ಚಿತ್ರ ಮನಸ್ಸಿಗೆ ಬರುತ್ತದೆ, ಆದರೆ ಸಣ್ಣ ಸಂಸ್ಥೆಗಳಲ್ಲಿ ಪಟ್ಟಿ ಹೊರಹೋಗುವ ದಾರಿಗಳು ಬಹಳ ಸಾಧಾರಣವಾದವು: ಎಲ್ಲ ಸಿಬ್ಬಂದಿಗೂ ಒಂದೇ ಪಾಸ್‌ವರ್ಡ್, ಗ್ರಾಹಕರ ಎಕ್ಸೆಲ್ ಹಾಳೆಯನ್ನು ವಾಟ್ಸ್ಆ್ಯಪ್ ಗುಂಪಿಗೆ ಹಾಕುವ ಅಭ್ಯಾಸ, ಕೆಲಸ ಬಿಟ್ಟುಹೋದವರ ಮೊಬೈಲಿನಲ್ಲಿ ಹಾಗೆಯೇ ಉಳಿದ ಲಾಗಿನ್. ಕೌಂಟರಿನಲ್ಲಿ ಕೂರುವವರಿಗೆ ಒಮ್ಮೆಗೆ ಒಬ್ಬ ಗ್ರಾಹಕರ ದಾಖಲೆ ಮಾತ್ರ ಕಾಣುವಂತೆಯೂ, ಇಡೀ ಪಟ್ಟಿಯನ್ನು ಇಳಿಸಿಕೊಳ್ಳುವ ಅಧಿಕಾರ ಒಬ್ಬಿಬ್ಬರಿಗೆ ಮಾತ್ರ ಇರುವಂತೆಯೂ, ಯಾರು ಯಾವಾಗ ನೋಡಿದರೆಂಬ ಲಾಗ್ ದಾಖಲಾಗುವಂತೆಯೂ ವ್ಯವಸ್ಥೆ ಮಾಡಿದರೆ ಅಪಾಯದ ದೊಡ್ಡ ಪಾಲು ತಗ್ಗುತ್ತದೆ. ಈ ಲಾಗ್‌ಗಳನ್ನು ಕನಿಷ್ಠ ಒಂದು ವರ್ಷ ಇಟ್ಟುಕೊಳ್ಳಬೇಕೆಂದು 2025ರ ನಿಯಮಗಳೂ ಹೇಳುತ್ತವೆ.

ಹ್ಯಾಷಿಂಗ್ ಬಗ್ಗೆ ಒಂದು ಎಚ್ಚರಿಕೆ ಅಗತ್ಯ. ಮೂಲವನ್ನು ಮರಳಿ ಪಡೆಯಲಾಗದಂತೆ ಮಾಹಿತಿಯನ್ನು ಅಕ್ಷರಾಂಕಗಳ ಸರಣಿಯಾಗಿ ಬದಲಿಸುವ ಗಣಿತ ವಿಧಾನವೇ ಹ್ಯಾಷಿಂಗ್. ಮೊಬೈಲ್ ಸಂಖ್ಯೆಗಳನ್ನು ಹ್ಯಾಷ್ ಮಾಡಿ ಜಾಹೀರಾತು ಕಂಪನಿಗೆ ಕೊಟ್ಟರೆ ಗುರುತು ಬಯಲಾಗದೆಂದು ಹಲವರು ಭಾವಿಸುತ್ತಾರೆ. ಭಾರತದ ಮೊಬೈಲ್ ಸಂಖ್ಯೆಗಳು 6ರಿಂದ 9ರವರೆಗಿನ ಅಂಕಿಯಿಂದ ಆರಂಭವಾಗುವ ಹತ್ತು ಅಂಕಿಗಳಾದ್ದರಿಂದ ಒಟ್ಟು ಸಾಧ್ಯತೆಗಳು 400 ಕೋಟಿ ಮಾತ್ರ. ಅಷ್ಟನ್ನೂ ಹ್ಯಾಷ್ ಮಾಡಿ ಹೋಲಿಸಿ ನೋಡಲು ಸಾಧಾರಣ ಗಣಕಯಂತ್ರಕ್ಕೂ ಕೆಲವು ಗಂಟೆ ಸಾಕು. ಹ್ಯಾಷ್ ಮಾಡಿದ ಸಂಖ್ಯೆಯನ್ನೂ ವೈಯಕ್ತಿಕ ಮಾಹಿತಿಯೆಂದೇ ಎಣಿಸಿ, ಒಪ್ಪಿಗೆಯಿಲ್ಲದೆ ಹೊರಗೆ ಕೊಡಬಾರದು.

ಸೋರಿಕೆ ಸಂಭವಿಸಿದರೆ ಮುಚ್ಚಿಡುವಂತಿಲ್ಲ. ಸಂಬಂಧಪಟ್ಟ ಗ್ರಾಹಕರಿಗೂ ಇದೇ ಕಾಯಿದೆಯಡಿಯ ದತ್ತಾಂಶ ಸಂರಕ್ಷಣಾ ಮಂಡಳಿಗೂ ತಡಮಾಡದೆ ತಿಳಿಸಿ, ಮಂಡಳಿಗೆ 72 ಗಂಟೆಗಳೊಳಗೆ ವಿವರವಾದ ವರದಿ ಕೊಡಬೇಕು. ಸೈಬರ್ ಘಟನೆಗಳನ್ನು 6 ಗಂಟೆಗಳೊಳಗೆ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್‌ಗೆ ವರದಿ ಮಾಡಬೇಕೆಂಬ 2022ರ ಏಪ್ರಿಲ್ ನಿರ್ದೇಶನವೂ ಇದೆ. ತಕ್ಕ ಸುರಕ್ಷತಾ ಕ್ರಮ ಕೈಗೊಳ್ಳದಿರುವುದಕ್ಕೆ 250 ಕೋಟಿ ರೂಪಾಯಿವರೆಗೆ, ಸೋರಿಕೆಯನ್ನು ತಿಳಿಸದಿರುವುದಕ್ಕೆ 200 ಕೋಟಿ ರೂಪಾಯಿವರೆಗೆ ದಂಡ ವಿಧಿಸಲು ಕಾಯಿದೆಯಲ್ಲಿ ಅವಕಾಶವಿದೆ. ಹದಿನೆಂಟು ವರ್ಷದೊಳಗಿನವರ ಮಾಹಿತಿಗೆ ಪೋಷಕರ ದೃಢಪಡಿಸಬಲ್ಲ ಒಪ್ಪಿಗೆ ಬೇಕಿರುವುದರಿಂದ, ಆಟಿಕೆಯ ಅಂಗಡಿಯವರು ಮಗುವಿನ ಹುಟ್ಟುಹಬ್ಬದ ದಿನಾಂಕ ಬರೆದುಕೊಳ್ಳುವ ರೂಢಿಯನ್ನು ಕೈಬಿಡುವುದು ಕ್ಷೇಮ.

ಉದ್ದೇಶ ಮುಗಿದ ಮೇಲೆ ಅಳಿಸಬೇಕೆಂಬುದು ಸಾಮಾನ್ಯ ನಿಯಮವಾದರೂ ಬೇರೆ ಕಾನೂನುಗಳು ಇಟ್ಟುಕೊಳ್ಳಲು ಹೇಳಿದ್ದನ್ನು ಅಳಿಸುವಂತಿಲ್ಲ. ಜಿಎಸ್‌ಟಿ ಲೆಕ್ಕಪತ್ರಗಳನ್ನು ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನಾಂಕದಿಂದ 72 ತಿಂಗಳು ಕಾಯ್ದಿಡಬೇಕು. ಔಷಧ ಅಂಗಡಿಗಳು ಶೆಡ್ಯೂಲ್ ಎಚ್1 ಎಂಬ ನಿಯಂತ್ರಿತ ಪಟ್ಟಿಯ ಔಷಧಗಳ ರಿಜಿಸ್ಟರನ್ನು ರೋಗಿಯ ಮತ್ತು ವೈದ್ಯರ ಹೆಸರಿನೊಡನೆ ಮೂರು ವರ್ಷ ಇಟ್ಟುಕೊಳ್ಳಬೇಕು. ಇಂತಹ ಕಡ್ಡಾಯ ದಾಖಲೆಗಳನ್ನೂ ಮಾರಾಟದ ಪಟ್ಟಿಯನ್ನೂ ಒಂದೇ ಕಡತದಲ್ಲಿ ಬೆರೆಸಿಟ್ಟ ಅಂಗಡಿಯಲ್ಲಿ, ಗ್ರಾಹಕರು ತಮ್ಮ ವಿವರ ಅಳಿಸಿ ಎಂದು ಕೇಳಿದಾಗ ಏನನ್ನು ಅಳಿಸಬೇಕು, ಏನನ್ನು ಉಳಿಸಬೇಕು ಎಂಬುದೇ ತಿಳಿಯದೆ ಗೊಂದಲವಾಗುತ್ತದೆ. ಎಚ್1 ರಿಜಿಸ್ಟರಿನಲ್ಲಿರುವ ಹೆಸರುಗಳಿಗೆ ಪ್ರಚಾರದ ಸಂದೇಶ ಹೋಗುವ ಅಪಾಯವೂ ಇರುತ್ತದೆ. ಎರಡನ್ನೂ ಮೊದಲಿನಿಂದಲೇ ಬೇರೆ ಕಡತಗಳಲ್ಲಿ ಇರಿಸಬೇಕು.

ಉಳಿದಿರುವುದು ವರ್ಷಗಳಿಂದ ಬೆಳೆದುಬಂದ ಹಳೆಯ ಪಟ್ಟಿಗಳ ಪ್ರಶ್ನೆ. ಕಾಯಿದೆ ಜಾರಿಗೆ ಬರುವ ಮುನ್ನ ಒಪ್ಪಿಗೆ ಪಡೆದು ಸಂಗ್ರಹಿಸಿದ ಮಾಹಿತಿಯನ್ನು ಬಳಸುತ್ತಾ ಹೋಗಬಹುದಾದರೂ, ಸಾಧ್ಯವಾದಷ್ಟು ಬೇಗ ಆ ಗ್ರಾಹಕರಿಗೆ ಸೂಚನಾಪತ್ರ ತಲುಪಿಸಬೇಕು, ಅವರು ಒಪ್ಪಿಗೆ ಹಿಂಪಡೆದರೆ ನಿಲ್ಲಿಸಬೇಕು. ಆದ್ದರಿಂದ 2027ರ ಮೇ ತಿಂಗಳೊಳಗೆ ಹಳೆಯ ಪಟ್ಟಿಯನ್ನು ಮೂರಾಗಿ ವಿಂಗಡಿಸಿಕೊಳ್ಳುವುದು ಒಳ್ಳೆಯದು: ಒಪ್ಪಿಗೆಗೆ ಸಹಿ, ಟಿಕ್ ಅಥವಾ ಒಟಿಪಿಯ ಪುರಾವೆ ಇರುವ ಹೆಸರುಗಳು, ಪುರಾವೆಯಿಲ್ಲದಿದ್ದರೂ ಈಗಲೂ ಅಂಗಡಿಗೆ ಬರುತ್ತಿರುವುದರಿಂದ ಕೌಂಟರಿನಲ್ಲೇ ಕೇಳಿ ದಾಖಲಿಸಿಕೊಳ್ಳಬಹುದಾದ ಹೆಸರುಗಳು, ಎಲ್ಲಿಂದ ಬಂದವೆಂದೇ ಹೇಳಲಾಗದ ಸಂಖ್ಯೆಗಳು. ಅಪಾರ್ಟ್‌ಮೆಂಟಿನ ಗುಂಪುಗಳಿಂದಲೋ, ವಸ್ತುಪ್ರದರ್ಶನದ ಲಕ್ಕಿ ಡ್ರಾ ಚೀಟಿಗಳಿಂದಲೋ, ಪಟ್ಟಿ ಮಾರುವವರಿಂದಲೋ ಸೇರಿಕೊಂಡ ಈ ಮೂರನೆಯ ಗುಂಪನ್ನು ಮೂಲ ಕಡತದಿಂದಲೂ, ಬ್ಯಾಕಪ್ ಪ್ರತಿಗಳಿಂದಲೂ, ಸಂದೇಶ ಕಳುಹಿಸುವ ಏಜೆನ್ಸಿಯ ಬಳಿಯಿರುವ ಪ್ರತಿಯಿಂದಲೂ ಅಳಿಸಿ, ಅಳಿಸಿದ ದಿನಾಂಕವನ್ನು ಏಜೆನ್ಸಿಯಿಂದ ಬರಹದಲ್ಲಿ ಪಡೆದುಕೊಳ್ಳಬೇಕು.